ತೊಟ್ಟಿಲಿಗೆ ಸಿಕ್ಕಿಸಿದ ಪ್ಯಾರಾಶೂಟ್ ಕೊಕ್ಕೆ

ಆ ಭಾನುವಾರ ಬೆಳಿಗ್ಗೆ ಬೆಳ್ಮಣ್ಣಿನ ನಮ್ಮ ಮನೆಯ ಜಗಲಿಯಲ್ಲಿ ಇದ್ದದ್ದು ಮೂವರು. ಒಬ್ಬ ನಾನು. ಇನ್ನೊಬ್ಬರು ಮಣಿಪಾಲದಿಂದ ಬಂದಿದ್ದ ಹಲ್ಲಿನ ಡಾಕ್ಟರು. ಮೂರನೆಯವಳು ನನ್ನ ಅಕ್ಕ. ಅವಳು ಬಾಗಿಲ ಬಳಿ ಕೂತು ಬಸಳೆ ಬಿಡಿಸುತ್ತ, ನಮ್ಮ ಮಾತಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಮುಖ ಮಾಡಿಕೊಂಡು, ಒಂದಕ್ಷರ ಬಿಡದೆ ಕೇಳುತ್ತಿದ್ದಳು. ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಹಳೆಯ ಟವೆಲ್ ಹಾಸಿ, ಡಾಕ್ಟರು ಕಾರ್ಕಳದ ಗುಜರಿ ಅಂಗಡಿಯಲ್ಲಿ ಹುಡುಕಿ ತಂದಿದ್ದ ಒಂದು ಕಬ್ಬಿಣದ ಹಿಡಿಯನ್ನು ಮಲಗಿಸಿದ್ದೆವು.

"ಎಳೆದರೆ ಪ್ಯಾರಾಶೂಟ್ ಬಿಚ್ಚುವ ಹಿಡಿಯೇ ಅಲ್ವಾ ಇದು?" ಡಾಕ್ಟರು ಮತ್ತೊಮ್ಮೆ ಕೇಳಿದರು.

"ಎಳೆದರೆ ಬಾಗಿಲು ಬಿಚ್ಚುತ್ತದೆ," ಎಂದೆ. "ಹಳೆಯ ಬಸ್ಸಿನದ್ದು ಡಾಕ್ಟ್ರೇ."

ಅಕ್ಕ ಬಸಳೆಯ ಮೇಲೆ ಬಗ್ಗಿ ನಕ್ಕಳು.

ನನಗೂ ಡಾಕ್ಟರಿಗೂ ಗಂಟು ಬಿದ್ದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ದುಡಿಮೆಯ ವರ್ಷಗಳೆಲ್ಲ ಉತ್ತರದಲ್ಲಿ, ಸೈನಿಕರು ವಿಮಾನದಿಂದ ಹಾರುವಾಗ ಕಟ್ಟಿಕೊಳ್ಳುವ ಪ್ಯಾರಾಶೂಟುಗಳನ್ನು ಮಡಚಿ ಚೀಲಕ್ಕೆ ತುಂಬುವುದರಲ್ಲಿ ಕಳೆದವು. ನಿವೃತ್ತನಾಗಿ ಊರಿಗೆ ಬಂದ ಮೇಲೆ ಆ ವಿದ್ಯೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಒಮ್ಮೆ ದವಡೆಹಲ್ಲು ಕೀಳಿಸಲು ಮಣಿಪಾಲಕ್ಕೆ ಹೋದರೆ, ಡಾಕ್ಟರ ಕುರ್ಚಿಯ ಎದುರಿನ ಗೋಡೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪ್ಯಾರಾಶೂಟಿನ ಎದೆಪಟ್ಟಿ ತೂಗಾಡುತ್ತಿತ್ತು, ಅದೂ ತಲೆಕೆಳಗಾಗಿ. ನನ್ನ ಬಾಯಲ್ಲಿ ಹತ್ತಿ. ಮಾತು ಹೊರಡದು, ಕೈ ಮಾತ್ರ ಗೋಡೆಯ ಕಡೆ ಹೋಗುತ್ತಿತ್ತು. "ತುಂಬಾ ನೋವಾ?" ಎಂದು ಡಾಕ್ಟರು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಹತ್ತಿ ಉಗಿದ ಮೇಲೆ ನಾನು ಆಡಿದ ಮೊದಲ ಮಾತು ಹಲ್ಲಿನದ್ದಲ್ಲ, ಪಟ್ಟಿಯದ್ದು.

ಅಲ್ಲಿಂದ ಶುರುವಾಯಿತು. ಹಳೆಯ ಸೈನ್ಯದ ಸಾಮಾನು ಕೂಡಿಡುವವರದ್ದೇ ಒಂದು ಲೋಕ ಉಂಟು ನೋಡಿ. ಡಾಕ್ಟರು ನನ್ನ ಸುದ್ದಿಯನ್ನು ಆ ಲೋಕಕ್ಕೆಲ್ಲ ಹಬ್ಬಿಸಿದರು. ಯಾವ್ಯಾವುದೋ ಊರಿನವರು ಕೊಕ್ಕೆ, ಬಕಲ್ಲು, ದಾರ, ರೇಷ್ಮೆಯ ತುಂಡುಗಳ ಫೋಟೋ ಕಳಿಸಿ, ಇದು ಯಾವ ಕಾಲದ್ದು, ನಿಜವೋ ನಕಲಿಯೋ ಎಂದು ಕೇಳತೊಡಗಿದರು. ನಾನು ಮೊದಲು ನೋಡುವುದು ಹೊಲಿಗೆಯನ್ನು. ಕಬ್ಬಿಣಕ್ಕೆ ಬೇಕೆಂದೇ ತುಕ್ಕು ಹಿಡಿಸಬಹುದು, ಕಾರ್ಖಾನೆಯ ಅಚ್ಚನ್ನು ನಿನ್ನೆಯೇ ಒತ್ತಬಹುದು. ಹೊಲಿಗೆ ಮಾತ್ರ ತನ್ನ ವಯಸ್ಸನ್ನು ಮುಚ್ಚಿಡಲಾರದು.

ಬಸ್ಸಿನ ಹಿಡಿಯ ಬೇಸರವನ್ನು ಮರೆಯಲು ಡಾಕ್ಟರು ಫೋನು ತೆಗೆದರು. "ಇದೊಂದು ಬೆಳಿಗ್ಗೆ ಬಂತು. ಕಾಪುವಿನ ನಮ್ಮ ಸಾಹೇಬರು ಕಳಿಸಿದ್ದು."

ಸಾಹೇಬರೆಂದರೆ ಕಾಪುವಿನಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟುಕೊಂಡು, ಮದುವೆ ಮುಂಜಿಗೆ ಕುರ್ಚಿ, ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡುವ ಬ್ಯಾರಿ ಮುಸ್ಲಿಂ ವ್ಯಾಪಾರಿ. ಮನೆಮನೆಗೆ ಕುರ್ಚಿ ಇಳಿಸಲು ಹೋಗುವ ಅವರ ಕಣ್ಣಿಗೆ ಅಟ್ಟ, ಹೆಂಚಿನ ಮಾಡು, ಕೊಟ್ಟಿಗೆ ಯಾವುದೂ ತಪ್ಪುವುದಿಲ್ಲ.

ಫೋಟೋದಲ್ಲಿದ್ದದ್ದು ಒಂದು ಕೊಕ್ಕೆ. ಬಾಯಿಗೆ ಸ್ಪ್ರಿಂಗಿನ ನಾಲಿಗೆ, ಬೆನ್ನಿನ ಮೇಲೆ ಉಬ್ಬಿದ ಅಚ್ಚು, ಕುತ್ತಿಗೆಗೆ ಸುತ್ತಿ ಹೊಲಿದ ಅಗಲ ಪಟ್ಟಿ. ಆ ಹೊಲಿಗೆ ಡಬ್ಲ್ಯು ಅಕ್ಷರವನ್ನು ಒಂದರ ಪಕ್ಕ ಒಂದು ಬರೆದಂತೆ ಹೋಗುತ್ತಿತ್ತು. ಬೆನ್ನಿನ ಪ್ಯಾರಾಶೂಟ್ ಕೈಕೊಟ್ಟರೆ ಇರಲಿ ಎಂದು ಎದೆಯ ಮೇಲೆ ಇನ್ನೊಂದನ್ನು ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಎರಡನೆಯದರ ಕೊಕ್ಕೆ ಅದು. ಕೂಡಿಡುವವರಿಗೆ ಸುಲಭದಲ್ಲಿ ಸಿಗುವಂಥದ್ದಲ್ಲ.

"ನಿಜವಾದದ್ದೇ," ಎಂದೆ. ಡಾಕ್ಟರ ಮುಖ ಅರಳಿತು. ನನ್ನ ಕಣ್ಣು ಮಾತ್ರ ಪಟ್ಟಿಯನ್ನು ಬಿಡಲಿಲ್ಲ. ಅದು ಬಿಳಿಯಾಗಿತ್ತು.

ಆ ಮಾದರಿಯ ಪಟ್ಟಿ ಬಂದದ್ದೇ ಕಡು ಹಸಿರು ನೈಲಾನಿನಲ್ಲಿ. ಹಳತಾದರೆ ಕಂದಾಗುತ್ತದೆ, ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ. ತನ್ನಷ್ಟಕ್ಕೆ ಬಿಳಿಯಾಗುವುದಿಲ್ಲ. "ಪೂರ್ತಿ ಫೋಟೋ ಕಳಿಸಲು ಹೇಳಿ," ಎಂದೆ. ಬಂತು. ಮಾಡಿನ ತೊಲೆಯಿಂದ ಎರಡು ಬಿಳಿ ಪಟ್ಟಿಗಳು ಇಳಿದಿದ್ದವು. ಎರಡರ ತುದಿಯಲ್ಲೂ ಕೊಕ್ಕೆ. ಎರಡು ಕೊಕ್ಕೆಗಳೂ ಒಂದು ಮರದ ತೊಟ್ಟಿಲಿನ ಉದ್ದ ಸರಪಳಿಗಳನ್ನು ಹಿಡಿದುಕೊಂಡಿದ್ದವು. ತೊಟ್ಟಿಲಿನ ಅಂಚಿಗೆ ಮಲ್ಲಿಗೆ ಸುತ್ತಿದ್ದರು.

ಡಾಕ್ಟರ ಕೈಯಿಂದ ಫೋನು ತೆಗೆದುಕೊಂಡು ನಾನೇ ಸಾಹೇಬರಿಗೆ ಕರೆ ಮಾಡಿದೆ.

"ಆ ಮನೆಯಲ್ಲಿ ಇವತ್ತು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಉಂಟು ಅಣ್ಣ," ಎಂದರು. "ಬೆಳಿಗ್ಗೆ ಕುರ್ಚಿ ಇಳಿಸಿ ಬಂದೆ. ಕೊಕ್ಕೆ ಕಂಡಿತು, ಡಾಕ್ಟ್ರಿಗೆ ಬೇಕಾದೀತು ಅಂತ ಫೋಟೋ ಹೊಡೆದೆ. ಕೊಡುವ ಮಾತೆಲ್ಲ ಯಾರೂ ಆಡಲಿಲ್ಲ ಮತ್ತೆ."

"ಪಟ್ಟಿ ನಿಜವಾಗಿ ಬಿಳಿಯಾ, ಅಲ್ಲ ಬೆಳಕಿಗೆ ಹಾಗೆ ಕಾಣುವುದಾ?"

"ಎಂತ ಬಿಳಿ ಅಂತೀರಿ! ಹೊಸ ಪಂಚೆಯ ಹಾಗೆ. ಆ ಅಜ್ಜಿ ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಅದನ್ನು ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿ ಒಳ್ಳೆ ಬಿಸಿಲಿಗೆ ಹಾಕ್ತಾರಂತೆ. ಮಗುವಿಗೆ ಎಂತದೂ ತಾಗಬಾರದು ಅಂತ."

ನೈಲಾನಿಗೆ ಬಿಸಿಲು ಒಂದು ಶತ್ರು, ಬ್ಲೀಚಿಂಗ್ ಇನ್ನೊಂದು. ನಮ್ಮ ಮಡಚುವ ಶೆಡ್ಡಿನ ಕಿಟಕಿಗಳಿಗೆ ಬಿಸಿಲು ಬೀಳದ ಹಾಗೆ ದಪ್ಪ ಪರದೆ ಹಾಕುತ್ತಿದ್ದೆವು. ಒಂದು ಬೇಸಿಗೆ ಅಂಗಳದಲ್ಲಿ ಮರೆತುಬಿಟ್ಟ ಪಟ್ಟಿಯನ್ನು ಆಮೇಲೆ ಯಾರೂ ನಂಬುತ್ತಿರಲಿಲ್ಲ. ಇಲ್ಲಿ ತಲೆಮಾರುಗಳಿಂದ, ಪ್ರೀತಿಯಿಂದ, ಅಕ್ಕರೆಯಿಂದ ಬಿಸಿಲಿಗೆ ಹಾಕಿದ್ದಾರೆ.

"ಮಗುವನ್ನು ಮಲಗಿಸುವುದು ಎಷ್ಟು ಹೊತ್ತಿಗೆ?"

"ಹನ್ನೆರಡರ ಒಳಗೆ ಅಂತ ಕಾಣ್ತದೆ. ಎಂತ ಅಣ್ಣ, ಎಂತಾಯ್ತು?"

ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಆ ಮನೆಗೆ ಫೋನು ಮಾಡಿ ತಡೆಯಿರಿ, ಒಳ್ಳೆಯ ಹೊಸ ಹಗ್ಗ ಸಿಕ್ಕಿದರೆ ಹಿಡಿದುಕೊಂಡು ಬನ್ನಿ ಎಂದು ಹೇಳಿದೆ. ಸ್ವಲ್ಪ ಹೊತ್ತಿನಲ್ಲೇ ತಿರುಗಿ ಕರೆ ಬಂತು. ಯಾರೂ ಫೋನು ಎತ್ತುತ್ತಿಲ್ಲ. ಕಾರ್ಯಕ್ರಮದ ಮನೆಯಲ್ಲಿ ಫೋನು ಯಾವ ಚೀಲದಲ್ಲೋ, ಯಾವ ಕಪಾಟಿನಲ್ಲೋ. ಸಾಹೇಬರಾದರೂ ಉಡುಪಿಯಲ್ಲಿ ಒಂದು ಮದುವೆ ಹಾಲಿಗೆ ಪಾತ್ರೆ ಇಳಿಸುತ್ತಿದ್ದಾರೆ. ಟೆಂಪೊ ಖಾಲಿಯಾದ ಕೂಡಲೇ ಹೊರಡುತ್ತಾರೆ.

"ಇನ್ನೂ ಕೂತು ನೋಡುವುದೆಂತ? ಎದ್ದು ಹೋಗಿ!" ಬಾಗಿಲ ಬಳಿಯಿಂದ ಅಕ್ಕನ ದನಿ ಬಂತು. ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದಲೇ ಬಂದಳು. "ಅಂಗಿ ಬದಲಿಸು. ಶುಭದ ಮನೆಗೆ ಹೋಗುವವನು ನೀನು. ಮತ್ತೆ ನೋಡು, ಅಲ್ಲಿ ಹೋಗಿ ಬಾಯಿಗೆ ಬಂದದ್ದು ಹೇಳಬೇಡ. ತೊಟ್ಟಿಲ ಎದುರು ಕೆಟ್ಟ ಮಾತು ಆಡಲಿಕ್ಕಿಲ್ಲ."

ಅಕ್ಕ ಹೇಳಿದ್ದು ಸರಿಯೇ. ನನಗೆ ಮಾತು ಕಲಿಸಿದವರು ಅಜ್ಜ ಅಜ್ಜಿಯರು. ದೀಪ ಆರಿಸು ಎನ್ನುವಂತಿರಲಿಲ್ಲ, ದೊಡ್ಡದು ಮಾಡು ಎನ್ನಬೇಕು. ಅಕ್ಕಿ ಮುಗಿಯಿತು ಎನ್ನುವಂತಿರಲಿಲ್ಲ, ಹೆಚ್ಚಿತು ಎನ್ನಬೇಕು. ಅಂಥ ಬಾಯಿಯಿಂದ, ಹೂವು ಸುತ್ತಿದ ತೊಟ್ಟಿಲಿನ ಮುಂದೆ ನಿಂತು, ಅದು ಏನಾಗಬಹುದೆಂದು ನನಗೆ ಹೆದರಿಕೆಯೋ ಆ ಮಾತನ್ನು ಹೇಳುವುದು ಹೇಗೆ? ಶಿರ್ವದ ದಾರಿಯುದ್ದಕ್ಕೂ ಡಾಕ್ಟರ ಕಾರಿನಲ್ಲಿ ಕೂತು ನಾನು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ, ಮುರಿಯುತ್ತಿದ್ದೆ.

ಮುಂದೆ ಒಂದು ಬಸ್ಸು. ಕೈ ತೋರಿದವರಿಗೆಲ್ಲ ನಿಲ್ಲಿಸುತ್ತಿತ್ತು. ಇಳಿಯುವ ಒಬ್ಬ ಹೆಂಗಸು ಮೆಟ್ಟಿಲಲ್ಲೇ ನಿಂತು ಕಂಡಕ್ಟರನ ಹತ್ತಿರ ಮಾತು ಮುಗಿಸುತ್ತಿದ್ದರು. ಡಾಕ್ಟರು ಹಾರ್ನ್ ಹೊಡೆದರೆ ಅವರು ನಮ್ಮ ಕಡೆ ತಿರುಗಿ, ಪರಿಚಯದವರಿರಬೇಕು ಎಂದು ನಕ್ಕು ಕೈ ಬೀಸಿದರು.

"ನೀವು ಅಷ್ಟು ಹೆದರುವುದು ಬೇಡ," ಎಂದರು ಡಾಕ್ಟರು. "ಅಷ್ಟು ವರ್ಷ ಹಿಡಿದದ್ದು ಇವತ್ತೇ ಯಾಕೆ…"

"ಆ ಮಾತು ಮುಗಿಸಬೇಡಿ ಡಾಕ್ಟ್ರೇ."

"ಆಯ್ತು. ಆದರೆ ನೀವು ನೋಡಿದ್ದು ಫೋಟೋ ಮಾತ್ರ ಅಲ್ವಾ?"

ಅದೇ ನನ್ನನ್ನು ಕೊರೆಯುತ್ತಿದ್ದದ್ದು. ಪಟ್ಟಿ ಗಟ್ಟಿಯೇ ಇದ್ದರೆ? ಗುರುತು ಪರಿಚಯ ಇಲ್ಲದ ಮನೆಗೆ ನುಗ್ಗಿ, ಶುಭದ ಹೊತ್ತಿಗೆ ಅಪಶಕುನ ಆಡಿ, ಅವರ ಮನಸ್ಸಿನಲ್ಲಿ ಜನ್ಮಕ್ಕಾಗುವಷ್ಟು ಅಂಜಿಕೆ ಬಿತ್ತಿ ಬಂದಂತಾಗುತ್ತದೆ. ಗಟ್ಟಿ ಇಲ್ಲದಿದ್ದರೆ, ಅದರ ಮುಂದೆ ಯೋಚನೆ ಹೋಗುತ್ತಿರಲಿಲ್ಲ. ಕೆಲಸದ ದಿನಗಳಲ್ಲಿ ನಾನು ಮಡಚಿದ ಪ್ಯಾರಾಶೂಟ್ ಕಟ್ಟಿಕೊಂಡು ಹುಡುಗರು ಹಾರುವಾಗ ಮೈದಾನದಲ್ಲಿ ನಿಂತು ಮೇಲೆ ನೋಡುತ್ತಿದ್ದೆ. ಕಪ್ಪು ಚುಕ್ಕಿ ಬಿಳಿ ಹೂವಾಗಿ ಅರಳುವವರೆಗೆ ಉಸಿರು ಬಿಡುತ್ತಿರಲಿಲ್ಲ. ರಿಪೇರಿ ಮಾಡಿದ ಪ್ಯಾರಾಶೂಟನ್ನಂತೂ ನೇರ ಮನುಷ್ಯನಿಗೆ ಕೊಡುತ್ತಲೇ ಇರಲಿಲ್ಲ. ಮೊದಲು ಮನುಷ್ಯನಷ್ಟೇ ತೂಕದ ಮರಳಿನ ಗೊಂಬೆಯನ್ನು ಕಟ್ಟಿ ಎಸೆಯುತ್ತಿದ್ದರು. ಅದು ಸರಿಯಾಗಿ ಇಳಿದರೆ ಆಮೇಲೆ ಮನುಷ್ಯ. ಊರಿಗೆ ಬಂದು ವರ್ಷಗಳಾದರೂ ಆ ಆತಂಕ ನನ್ನನ್ನು ಬಿಟ್ಟು ಹೋಗಿಲ್ಲ. ಅವತ್ತು ಕಾರಿನಲ್ಲಿ ಅದು ಎದ್ದು ಕೂತಿತ್ತು.

ಕಾಪು ಮುಟ್ಟಿ, ಸಾಹೇಬರು ಹೇಳಿದ ಗುರುತಿನಂತೆ ಕಡಲಿನ ಕಡೆ ತಿರುಗಿದಾಗ ಶಾಮಿಯಾನ ಕಂಡಿತು. ಒಳಗಿನಿಂದ ಹೆಂಗಸರು ಹಾಡುವುದು ಕೇಳಿಸುತ್ತಿತ್ತು. ಜೋಗುಳ. ಎಂದರೆ ಶುರುವಾಗಿಬಿಟ್ಟಿದೆ.

ನಾನು ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಹಜಾರದ ನಡುವೆ ತೊಟ್ಟಿಲು ತೂಗುತ್ತಿತ್ತು. ಅದರಲ್ಲಿ ಹಳದಿ ಅಂಗಿ, ಹಳದಿ ಟೊಪ್ಪಿ ಹಾಕಿದ ಮಗು. ಸುತ್ತ ಹೆಂಗಸರು. ಯಾರನ್ನು ಸರಿಸಿದೆನೋ, ಯಾರ ಕಾಲು ತುಳಿದೆನೋ, ಮೊಣಕಾಲೂರಿ ತೊಟ್ಟಿಲಿನ ಅಡಿಗೆ ಎರಡೂ ಕೈ ಕೊಟ್ಟು ಎದೆಗೆ ಒತ್ತಿ ಹಿಡಿದುಬಿಟ್ಟೆ.

ಹಾಡು ನಿಂತಿತು. ನಾನು ತಲೆ ಎತ್ತಿ ತೊಟ್ಟಿಲೊಳಗೆ ನೋಡಿದೆ. ಟೊಪ್ಪಿಯ ಅಡಿಯಲ್ಲಿ ಮುಖವಿರಲಿಲ್ಲ. ಕರಿಯ ಕಲ್ಲು. ಅದಕ್ಕೆ ಸುಣ್ಣದಲ್ಲಿ ಎರಡು ಕಣ್ಣು ಬರೆದಿದ್ದರು.

"ಎಂತ ಮಾರಾಯ್ರೆ," ಎಂದರು ತೊಟ್ಟಿಲು ತೂಗುವ ದಾರ ಹಿಡಿದಿದ್ದ ಅಜ್ಜಿ, "ಕಡೆಯುವ ಕಲ್ಲಿನ ಗುಂಡು ಬೇಕಿದ್ದರೆ ಕೇಳಿದರೆ ಕೊಡ್ತಿದ್ದೆವಲ್ಲ. ಹೀಗೆ ಹಾರಿ ಬೀಳುವುದೆಂತಕ್ಕೆ?"

ಹಜಾರವೆಲ್ಲ ನಗು. ಆ ಮನೆಯ ಪದ್ಧತಿ ಅದು: ಮಗುವಿಗಿಂತ ಮೊದಲು, ಹಿಟ್ಟು ರುಬ್ಬುವ ಆ ಕಡೆಯುವ ಕಲ್ಲಿನ ಗುಂಡಿಗೆ ಅಂಗಿ ಟೊಪ್ಪಿ ಹಾಕಿ ಮಲಗಿಸಿ, ಹಾಡಿ, ತೂಗಿ, ಆಮೇಲೆ ಮಗು. ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ನನಗೆ ಮಾತ್ರ ಕಂಡದ್ದು ನಮ್ಮ ಮರಳಿನ ಗೊಂಬೆ. ಮಗು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತ ತಾಯಿಯ ತೋಳಿನಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು.

"ಯಾರ ಕಡೆಯವರು ನೀವು?" ಅಜ್ಜಿ ಡಾಕ್ಟರನ್ನು ಕೇಳಿದರು.

ಡಾಕ್ಟರು ಗಡಿಬಿಡಿಯಲ್ಲಿ, "ತೊಟ್ಟಿಲಿನ ಕಡೆಯವರು," ಎಂದುಬಿಟ್ಟರು. ಮತ್ತೆ ನಗು.

ನಾನು ಎದ್ದು ಕೈ ಮುಗಿದೆ. ಸೈನ್ಯದಲ್ಲಿ ಇಂಥದೇ ಪಟ್ಟಿಗಳ ಕೆಲಸದಲ್ಲಿದ್ದವನು, ಸಾಹೇಬರ ಫೋಟೋ ನೋಡಿ ಬಂದೆ ಎಂದೆ. ದಾರಿಯಲ್ಲಿ ಕಟ್ಟಿದ ವಾಕ್ಯಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ನನ್ನ ಅಜ್ಜಿಯ ಮಾತಿನ ರೀತಿ.

"ಅಮ್ಮ, ಈ ಪಟ್ಟಿಗಳು ತುಂಬ ದುಡಿದಿವೆ. ಇವಕ್ಕೆ ದಣಿವಾಗಿದೆ. ಇವತ್ತು ಇವಕ್ಕೆ ರಜೆ ಕೊಟ್ಟು, ಬೇರೆ ಯಾರನ್ನಾದರೂ ಕೆಲಸಕ್ಕೆ ಹಾಕುವ."

ಅಜ್ಜಿಯ ನಗು ಇಳಿಯಿತು. ಅವರಿಗೆ ಅರ್ಥವಾಗಿತ್ತು. ಅವರೂ ಅದೇ ಶಾಲೆಯಲ್ಲಿ ಮಾತು ಕಲಿತವರು.

"ಅದಕ್ಕೆ ದಣಿವು ಅಂತ ನಿಮಗೆ ಹೇಳಿದ್ದು ಯಾರು? ನನ್ನ ಅಣ್ಣ ಬೊಂಬಾಯಿಂದ ತಂದದ್ದು ಇದು. ಹೋಟೆಲಿನಲ್ಲಿ ಇದ್ದ ಅವನು. ಗುಜರಿ ಬಜಾರಿನಲ್ಲಿ ವಿಮಾನದ ಬೆಲ್ಟ್ ಅಂತ ಸಿಕ್ಕಿದ್ದಂತೆ. ನನ್ನ ದೊಡ್ಡ ಮಗ ಹುಟ್ಟಿದಾಗ ಅವನೇ ಏಣಿ ಹತ್ತಿ ಕಟ್ಟಿದ್ದು. ನನ್ನ ಮಕ್ಕಳು, ಅವರ ಮಕ್ಕಳು, ಇದೋ ಈ ಬಾಣಂತಿ ಸಹ ಇದರಲ್ಲೇ ಮಲಗಿ ದೊಡ್ಡದಾದದ್ದು. ಇಷ್ಟು ವರ್ಷ ಇಲ್ಲದ ದಣಿವು ನೀವು ಕಾಲಿಟ್ಟ ಕೂಡಲೇ ಬಂತಾ?"

"ಅಮ್ಮ…"

"ಕಲ್ಲು ಮಗುವಿಗಿಂತ ಎಷ್ಟು ಭಾರ ಉಂಟು ಎತ್ತಿ ನೋಡಿ. ಅದನ್ನು ಹಿಡಿದಿಲ್ವಾ?"

"ಅದೂ ಹೌದಲ್ವಾ?" ಎಂದರು ಡಾಕ್ಟರು. ಹೀಗೆ ನನ್ನ ಕಡೆಯವರು ಅವರ ಕಡೆ ಸೇರಿದರು.

"ಕಲ್ಲು ಸುಮ್ಮನೆ ಮಲಗುತ್ತದೆ ಅಮ್ಮ," ಎಂದೆ. "ಮಗು ಕೈಕಾಲು ಆಡಿಸುತ್ತದೆ. ನಾಳೆ ಮಕ್ಕಳೆಲ್ಲ ಸೇರಿ ಜೋರು ತೂಗುತ್ತಾರೆ. ಇಂಥ ಪಟ್ಟಿ ಭಾರಕ್ಕೆ ಹೆದರುವುದಿಲ್ಲ, ಜಗ್ಗಿದರೆ ಹೆದರುತ್ತದೆ. ಒಂದೇ ಸಲ ಹತ್ತಿರದಿಂದ ನೋಡಿಬಿಡುತ್ತೇನೆ. ಸರಿ ಉಂಟು ಅಂತ ಕಂಡರೆ ನಿಮ್ಮ ಕಾಲಿಗೆ ಬಿದ್ದು ಹೊರಡುತ್ತೇನೆ."

ಬಾಣಂತಿಯ ಸೋದರಮಾವ, ದೋಣಿಯವರು, ಭುಜ ಅಗಲದ ಮನುಷ್ಯ, ಒಂದು ಸ್ಟೂಲು ತಂದು ಇಟ್ಟರು. ನಾನು ಹತ್ತಿದೆ. ಕೊಕ್ಕೆ ಕಣ್ಣಿನ ಮಟ್ಟಕ್ಕೆ ಬಂತು. ಆ ಹೊತ್ತಿನಲ್ಲೂ, ಚಟ ನೋಡಿ, ನನ್ನ ಕಣ್ಣು ಮೊದಲು ಅಚ್ಚಿನ ಮೇಲೆ ಹೋಯಿತು. ಉಪ್ಪುಗಾಳಿಯ ಊರಿನಲ್ಲೂ ಅಷ್ಟು ಚೊಕ್ಕ ಉಳಿದ ಕೊಕ್ಕೆ ನಾನು ಕಂಡಿಲ್ಲ. ಬಹುಶಃ ಪ್ರತಿ ಸಲ ತೆಂಗಿನೆಣ್ಣೆ ಸವರಿರಬೇಕು. ಕಬ್ಬಿಣವನ್ನು ಕಾಪಾಡಿದ ಕೈಯೇ ನೈಲಾನನ್ನು ತೊಳೆದು ತೊಳೆದು ಮುಗಿಸಿತ್ತು. ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರು ಮೆಲ್ಲನೆ ಎಳೆದೆ. ದಾರ ತುಂಡಾಗಲಿಲ್ಲ. ತುಂಡಾಗಲು ಅದರಲ್ಲಿ ಏನಾದರೂ ಉಳಿದಿರಬೇಕು. ಅದು ಉದುರಿತು. ಅಕ್ಕಿಹಿಟ್ಟಿನಂತೆ.

ಕೆಳಗೆ ಹೆಬ್ಬೆರಳು ಚಾಚಿ ಅಜ್ಜಿಗೆ ತೋರಿಸಿದೆ. ಬಿಳಿ ಪುಡಿ.

"ಅದು ಸೋಪಿನ ಪುಡಿ," ಎಂದರು ಅಜ್ಜಿ. ಆದರೆ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. "ಈ ಸಲ ಮೂರು ಬಿಸಿಲು ಕೊಟ್ಟೆನಲ್ಲ ನಾನು. ಹೋಗಲಿಲ್ವಾ ಅದು?"

ಡಾಕ್ಟರು ಬಾಯಿ ತೆರೆದರು. "ಅಮ್ಮ, ಆ ಬಿಸಿಲೇ…"

ನಾನು ಸ್ಟೂಲಿನಿಂದ ಇಳಿದದ್ದು ನೇರ ಡಾಕ್ಟರ ಪಾದದ ಮೇಲೆ. ಅವರು ಹಾ ಎಂದರು, ಮಾತು ಅಲ್ಲಿಗೆ ನಿಂತಿತು. ಆ ಮುದುಕಿಯ ಕೈಯಿಂದಲೇ ಇದಾಯಿತೆಂದು ಹೇಳಿ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ಪಟ್ಟಿ ಕೆಳಗಿಳಿದರೆ ಸಾಕಿತ್ತು.

ಒಬ್ಬ ಹೆಂಗಸು ಗಡಿಯಾರ ನೋಡಿದರು. ಶುಭದ ಹೊತ್ತು ಮೀರುತ್ತಿದೆ, ಮೊದಲ ಸಲ ಮಲಗಿಸುವಾಗಲೇ ತಡೆ ಬಂತು ಎಂದು ಆ ಮುಖಗಳಲ್ಲೆಲ್ಲ ಬರೆದಿತ್ತು. ಅಜ್ಜಿ ಬೇಡ ಎಂದರೆ ನಾನು ಮಾಡುವುದಾದರೂ ಏನು? ಅವರ ಮನೆ, ಅವರ ಮಗು.

ಆಗ ಚಾಪೆಯ ಮೇಲಿದ್ದ ಬಾಣಂತಿ ನನ್ನ ಹೆಬ್ಬೆರಳನ್ನೇ ನೋಡುತ್ತ ಮೆಲ್ಲಗೆ ಹೇಳಿದಳು. "ಅಜ್ಜಿ, ನನ್ನ ಕೈ ಎಂತದೂ ನೋಯುವುದಿಲ್ಲ. ಬೇರೆ ಹಗ್ಗ ಬರುವವರೆಗೆ ನಾನೇ ಎತ್ತಿಕೊಂಡಿರ್ತೇನೆ."

ಅವಳೂ ಕೆಟ್ಟ ಮಾತು ಆಡಲಿಲ್ಲ. ಆದರೆ ಮಗುವನ್ನು ಎದೆಗೆ ಒತ್ತಿಕೊಂಡ ರೀತಿಯಲ್ಲಿ, ಇನ್ನು ಯಾರು ಹೇಳಿದರೂ ಕೊಡುವುದಿಲ್ಲ ಎನ್ನುವುದು ಇತ್ತು. ಅಜ್ಜಿ ಅವಳನ್ನು ನೋಡಿದರು, ಪಟ್ಟಿಯನ್ನು ನೋಡಿದರು, ಕಲ್ಲನ್ನು ತಾವೇ ಎತ್ತಿ ನೆಲಕ್ಕೆ ಇಳಿಸಿದರು.

ಹೊರಗೆ ಟೆಂಪೊ ಹಾರ್ನ್ ಕೇಳಿಸಿತು. ಸಾಹೇಬರು ಬೆವರು ಒರೆಸಿಕೊಳ್ಳುತ್ತ, ಹೆಗಲಿಗೆ ದೋಣಿಗೆ ಹಾಕುವ ಹೊಸ ಹಗ್ಗದ ಸುರುಳಿ ಹೊತ್ತು ಬಂದರು. "ಹಾರ್ನ್ ಹೊಡೆದು ಹೊಡೆದು ಉಡುಪಿಯಿಂದ ಬಂದೆ ಅಜ್ಜಿ. ಮಗು ಎಲ್ಲಿ? ಹಾಂ, ಅಮ್ಮನ ಕೈಯಲ್ಲಿ ಉಂಟು. ಅಲ್ಲಾಹು ದೊಡ್ಡವನು!"

"ಫೋಟೋ ಹೊಡೆಯಲಿಕ್ಕೆ ನಿಮಗೆ ಹೇಳಿದ್ದು ಯಾರು?" ಎಂದು ಅಜ್ಜಿ ಅವರ ಮೇಲೆ ಹಾರಿದರು. "ಕುರ್ಚಿ ಇಳಿಸಲಿಕ್ಕೆ ಬಂದವರು ಮಾಡು ನೋಡುವುದೆಂತಕ್ಕೆ?"

"ಕಣ್ಣು ಮೇಲೆ ಹೋಯ್ತು ಅಜ್ಜಿ, ನಾನೆಂತ ಮಾಡ್ಲಿ?"

ಒಂದು ಬದಿ ನಾನು ಕಟ್ಟಿದೆ, ಇನ್ನೊಂದು ಬದಿ ಮಾವ ಕಟ್ಟಿದರು. ನಮ್ಮ ಶೆಡ್ಡಿನಲ್ಲಿ ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ನೋಡದೆ ಬಿಡುವಂತಿರಲಿಲ್ಲ. ಅದನ್ನು ಹೇಳಿದಾಗ ಮಾವ, "ದೋಣಿಯಲ್ಲೂ ಹಾಗೇ," ಎಂದು ನನ್ನ ಗಂಟನ್ನು ನೋಡಿದರು, ನಾನು ಅವರದ್ದನ್ನು ನೋಡಿದೆ. ಅಷ್ಟಕ್ಕೂ ತೃಪ್ತಿಯಾಗದೆ ಅವರು ಹಗ್ಗ ಹಿಡಿದು ಕಾಲು ಮೇಲೆತ್ತಿ ತಾವೇ ಜೋತು ಬಿದ್ದರು. ತೊಲೆ ಕಿರ್ ಎಂದಿತು.

"ಹಗ್ಗ ಉಳಿದೀತು, ಮಾಡು ಉಳಿಯಲಿ ಮಾವ!" ಎಂದು ಯಾರೋ ಕೂಗಿದರು. ಮನೆ ಮತ್ತೆ ನಕ್ಕಿತು.

ಹೊಸ ಹಗ್ಗಕ್ಕೂ ಮೊದಲು ಕಲ್ಲೇ ಆಗಬೇಕೆಂದು ಅಜ್ಜಿ ಹಟ ಹಿಡಿದರು. ಕಲ್ಲನ್ನು ಮಲಗಿಸಿ, ಹಾಡಿ, ತೂಗಿ ತೆಗೆದರು. ಆಮೇಲೆ ಮಗು. ಎಲ್ಲರೂ ಮಗುವಿನ ಮುಖ ನೋಡುತ್ತಿದ್ದರೆ ನಾನು ಗಂಟುಗಳನ್ನು ನೋಡುತ್ತಿದ್ದೆ. ಮಗು ಆಕಳಿಸಿತು. ನಾನು ಉಸಿರು ಬಿಟ್ಟೆ.

ಊಟ ಮಾಡದೆ ಬಿಡಲಿಲ್ಲ. ಆದರೆ ಅಜ್ಜಿ ನನ್ನ ಎಲೆಯ ಹತ್ತಿರ ಬರಲಿಲ್ಲ. ಹೊರಡುವಾಗ ಡಾಕ್ಟರು ಕೈಗೆ ತೆಗೆದುಕೊಂಡು ನೋಡುತ್ತಿದ್ದ ಕೊಕ್ಕೆಯನ್ನು ಅಜ್ಜಿ ಅವರ ಕೈಯಿಂದ ತೆಗೆದುಕೊಂಡರು. "ಇದನ್ನು ಕೊಡಲಿಕ್ಕಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಹಿಂದಿನ ಚಾವಡಿಯಲ್ಲಿ ಇದಕ್ಕೆ ಕಲ್ಲು ಕಟ್ಟಿ ತೂಗು ಹಾಕ್ತೇನೆ. ನನ್ನ ಅಣ್ಣನ ಪಟ್ಟಿಗೆ ದಣಿವು ಉಂಟಾ ಇಲ್ವಾ ನೋಡುವ."

ಹೇಳಿದ ಹಾಗೆ ಮಾಡಿದರು. ಕಡೆಯುವ ಗುಂಡು ಅಡುಗೆಗೆ ಬೇಕಾದ್ದರಿಂದ ಹಿತ್ತಿಲಿನ ಒಂದು ದೊಡ್ಡ ಕಲ್ಲು ಕಟ್ಟಿದರಂತೆ. ಅಂದಿನಿಂದ ನನಗೆ ಬೇರೆ ಆತಂಕ ಶುರುವಾಯಿತು. ತೊಟ್ಟಿಲಿನ ಮಗು ನಾಳೆ ಅಂಬೆಗಾಲಿಡುತ್ತದೆ, ಹಿಂದಿನ ಚಾವಡಿಗೆ ಹೋಗದೆ ಇರುತ್ತದೆಯೆ? ಬಾಣಂತಿಗೆ ಫೋನು ಮಾಡಿ ಹೇಳಿದೆ. ಅವಳು ಕಲ್ಲಿನ ಸುತ್ತ ಬೆಂಚುಗಳನ್ನು ಅಡ್ಡ ಇಟ್ಟಳು. ಆದರೂ ಸಂಜೆ ಹೊತ್ತಿಗೆ ನನ್ನ ಮನಸ್ಸು ಬೆಳ್ಮಣ್ಣಿನಿಂದ ಕಾಪುವಿಗೆ ಹೋಗಿ ಆ ಬೆಂಚುಗಳನ್ನು ಸರಿಯಾಗಿ ಇಟ್ಟು ಬರುತ್ತಿತ್ತು.

ಅಜ್ಜಿ ಆಗಾಗ ಸಾಹೇಬರ ಫೋನಿನಿಂದ ಕರೆ ಮಾಡುತ್ತಿದ್ದರು. ಕುಶಲ ಕೇಳುವುದು ಇಲ್ಲ, ಏನೂ ಇಲ್ಲ. "ನಿಮ್ಮ ದಣಿವಿನವನು ಇನ್ನೂ ಡ್ಯೂಟಿಯಲ್ಲಿ ಉಂಟು," ಎಂದು ಇಟ್ಟುಬಿಡುತ್ತಿದ್ದರು. ಮಳೆಗಾಲ ಶುರುವಾದಾಗಲೂ ಹಾಗೇ ಹೇಳಿದರು. ನನಗೇ ಸಂಶಯ ಬರತೊಡಗಿತು. ಅಕ್ಕ ಬೇರೆ, "ಸುಮ್ಮನೆ ಒಂದು ಮನೆಯ ಕಾರ್ಯಕ್ರಮ ಕೆಡಿಸಿ ಬಂದಿಯಲ್ಲ," ಎಂದು ಚುಚ್ಚುತ್ತಿದ್ದಳು.

ಮಳೆ ಬಿಟ್ಟು ಬಿಸಿಲು ಬಂದ ಒಂದು ಮಧ್ಯಾಹ್ನ ಕರೆ ಬಂತು. ಮಗುವಿನ ತಾಯಿಯದ್ದು.

"ಅಂಕಲ್, ಕಲ್ಲು ಕೆಳಗೆ ಬಂತು. ಯಾರೂ ಮುಟ್ಟಲಿಲ್ಲ. ತನ್ನಷ್ಟಕ್ಕೆ."

"ಮಗು?"

"ಒಳಗೆ ಹಗ್ಗದ ತೊಟ್ಟಿಲಲ್ಲಿ ನಿದ್ದೆ. ಶಬ್ದಕ್ಕೂ ಏಳಲಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಅಜ್ಜಿ ಆಗಿನಿಂದ ಕಲ್ಲಿನ ಹತ್ತಿರ ಕೂತಿದ್ದಾರೆ."

ಫೋನು ಕೈ ಬದಲಾಯಿತು.

"ಬರುವ ಭಾನುವಾರ ಊಟಕ್ಕೆ ಬನ್ನಿ," ಎಂದರು ಅಜ್ಜಿ. "ನಿಮ್ಮ ಅಕ್ಕನನ್ನೂ ಕರೆದುಕೊಂಡು ಬನ್ನಿ. ಆ ಡಾಕ್ಟ್ರನ್ನೂ."

ಹೋದೆವು. ಕೊಕ್ಕೆಗಳನ್ನು ಎಣ್ಣೆ ಹಾಕಿ ಒರೆಸಿ ಬಾಳೆಲೆಯಲ್ಲಿ ಸುತ್ತಿ ಇಟ್ಟಿದ್ದರು. ಡಾಕ್ಟರ ಕೈಗೆ ಕೊಟ್ಟು, "ಗಾಜಿನ ಪೆಟ್ಟಿಗೆಯಲ್ಲಿ ಇಡುವುದಾದರೆ ಇಡಿ. ಇದಕ್ಕೆ ಇನ್ನು ಕೆಲಸ ಹೇಳಬೇಡಿ," ಎಂದರು. ಹರಿದ ಪಟ್ಟಿಯನ್ನು ಕೊಡಲಿಲ್ಲ, ಅದು ಅಣ್ಣನದ್ದು ಎಂದು ಒಳಗಿಟ್ಟುಕೊಂಡರು.

ಹಿಂದಿನ ಚಾವಡಿಯಲ್ಲಿ, ಕಲ್ಲು ಬಂದು ಕೂತ ಕಡೆ, ಕೆಂಪು ನೆಲ ಅಂಗೈಯಗಲ ಒಡೆದಿತ್ತು. ಮಗು ಅದರ ಹತ್ತಿರ ಕೂತು ಬಿರುಕಿನೊಳಗೆ ಬೆರಳು ತೂರಿಸಿ ಆಡುತ್ತಿತ್ತು. ಅಜ್ಜಿ ಅದನ್ನು ಎತ್ತಿ ನನ್ನ ಅಕ್ಕನ ಮಡಿಲಿಗೆ ಹಾಕಿದರು. ಒಂದು ಮಣೆ ತಂದರು.

"ಅದಕ್ಕೆ ಆದದ್ದಾದರೂ ಎಂತ?" ಎಂದು ನನ್ನನ್ನು ಕೇಳಿದರು.

"ವಯಸ್ಸಾದದ್ದು ಅಮ್ಮ," ಎಂದೆ.

ಡಾಕ್ಟರು ತಮ್ಮ ಕಾಲನ್ನು ತಾವೇ ಹಿಂದಕ್ಕೆ ಎಳೆದುಕೊಂಡರು.

ಅಜ್ಜಿ ಒಡೆದ ನೆಲದ ಮೇಲೆ ಸರಿಯಾಗಿ ಮಣೆ ಹಾಕಿ, ಅದರ ಮೇಲೆ ನನ್ನನ್ನು ಕೂರಿಸಿ, ಎಲೆ ಇಟ್ಟು ತಾವೇ ಬಡಿಸಿದರು.